ಆಪ್ಷನ್ ಪಟ್ಟಿಯಲ್ಲಿ ಯಾವ ಕಾಲೇಜು ಮೊದಲು?

"ಸಿಗದೇ ಇರೋ ಕಾಲೇಜನ್ನ ಮೇಲೆ ಹಾಕಬೇಡಪ್ಪ, ಆಮೇಲೆ ಸಿಗೋದೂ ಕೈತಪ್ಪಿ ಹೋಗುತ್ತೆ."

ಸಿಇಟಿ ರ‍್ಯಾಂಕ್ ಬಂದ ಮನೆಯಲ್ಲಿ ಈ ಮಾತು ಹೇಳುವವರು ಒಬ್ಬರಾದರೂ ಇರುತ್ತಾರೆ. ಪಕ್ಕದ ಮನೆ ಅಂಕಲ್ ಇರಬಹುದು, ಸೋದರಮಾವ ಇರಬಹುದು, ಟ್ಯೂಷನ್ ಮೇಷ್ಟ್ರೇ ಇರಬಹುದು. ಕೇಳಿದರೆ ಅನುಭವದ ಮಾತು ಅನ್ನಿಸುತ್ತದೆ. ಆದರೆ ಪೂರ್ತಿ ತಪ್ಪು. ಇದನ್ನು ನಂಬಿ, ಮನಸ್ಸಿಗೆ ಹಿಡಿಸಿದ ಕಾಲೇಜನ್ನು ಹದಿನೈದನೇ ಸಾಲಿಗೆ ತಳ್ಳಿ, 'ಇದಂತೂ ಸಿಕ್ಕೇ ಸಿಗುತ್ತೆ' ಅಂತ ಮೊದಲ ಸಾಲಿನಲ್ಲಿ ಬರೆದ ಕಾಲೇಜಿಗೆ ನಾಲ್ಕು ವರ್ಷ ಮಣ್ಣು ಹೊರುವ ಮಕ್ಕಳು ಕಡಿಮೆಯಿಲ್ಲ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸೀಟು ಹಂಚುವ ರೀತಿ ಬಹಳ ಸರಳ. ಒಂದನೇ ರ‍್ಯಾಂಕಿನಿಂದ ಕಂಪ್ಯೂಟರು ಶುರು ಮಾಡುತ್ತದೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯ ಮೊದಲ ಸಾಲು ನೋಡುತ್ತದೆ. ಅಲ್ಲಿ ನಿಮಗೆ ಸಲ್ಲುವ ವರ್ಗದಲ್ಲಿ ಸೀಟು ಉಳಿದಿದ್ದರೆ ಕೊಡುತ್ತದೆ, ಇಲ್ಲದಿದ್ದರೆ ಎರಡನೆಯದಕ್ಕೆ ಇಳಿಯುತ್ತದೆ, ಹೀಗೆ ಕೆಳಗಿನವರೆಗೆ. ನಿಮ್ಮ ಸರದಿ ಮುಗಿಯುವವರೆಗೆ ನಿಮ್ಮ ಹಿಂದಿನ ರ‍್ಯಾಂಕಿನವರಿಗೆ ಕಾಯುವುದೇ ಕೆಲಸ. ನೀವು ಹತ್ತನೇ ಸಾಲಿನಲ್ಲಿ ಬರೆದ ಸೀಟನ್ನು ಅವರು ಮೊದಲ ಸಾಲಿನಲ್ಲಿ ಬರೆದಿದ್ದರೂ ನಿಮ್ಮನ್ನು ದಾಟಿ ಅದು ಅವರಿಗೆ ಹೋಗುವುದಿಲ್ಲ. ಅಂದಮೇಲೆ ಮೇಲಿನ ಸಾಲುಗಳಲ್ಲಿ ಆಸೆಯ ಕಾಲೇಜುಗಳನ್ನು ಬರೆದರೆ ಕಳೆದುಕೊಳ್ಳುವುದು ಏನೂ ಇಲ್ಲ.

ಕಳೆದುಕೊಳ್ಳುವುದು ಬೇರೆ ಕಡೆ ಇದೆ. ಒಂದು ಸೀಟು ಹಂಚಿಕೆಯಾದ ಕ್ಷಣ ಅದರ ಕೆಳಗಿನ ಸಾಲುಗಳೆಲ್ಲ ರದ್ದು. ಮುಂದಿನ ಸುತ್ತಿಗೆ ಉಳಿಯುವುದು ಅದರ ಮೇಲಿನವು ಮಾತ್ರ. ಏಳನೇ ಸಾಲಿನದು ಸಿಕ್ಕಿತು, ಈಗ ನೋಡಿದರೆ ಹನ್ನೊಂದನೆಯದೇ ಚೆನ್ನಾಗಿತ್ತು ಅಂತ ಆಮೇಲೆ ಅತ್ತು ಪ್ರಯೋಜನವಿಲ್ಲ. ಹಾಗಾಗಿ ನಿಯಮ ಎರಡೇ: ಇಷ್ಟದ ಕ್ರಮದಲ್ಲಿ ಬರೆಯಿರಿ; ಸಿಕ್ಕರೂ ಸೇರಲಾರೆ ಅನ್ನುವ ಕಾಲೇಜನ್ನು ಬರೆಯಲೇಬೇಡಿ. ಹೀಗಿರುವಾಗ ಎಲ್ಲ ಕಷ್ಟವೂ 'ಇಷ್ಟ' ಎನ್ನುವುದನ್ನು ಗೊತ್ತುಮಾಡಿಕೊಳ್ಳುವುದರಲ್ಲಿದೆ. ಹದಿನೇಳು ವರ್ಷದ ಮಕ್ಕಳಿಗೆ, ಅವರ ಅಪ್ಪ ಅಮ್ಮಂದಿರಿಗೆ, ಅದು ಕೂತಲ್ಲೇ ಹೊಳೆಯುವಂಥದ್ದಲ್ಲ.

ಉತ್ತರ ಬೆಂಗಳೂರಿನವರಿಗೆ ಈ ಕೆಲಸ ಒಂದು ಕಡೆ ಸುಲಭ, ಇನ್ನೊಂದು ಕಡೆ ಗೊಂದಲ. ಸುಲಭ ಯಾಕೆಂದರೆ ಮತ್ತಿಕೆರೆಯಿಂದ ರಾಜಾನುಕುಂಟೆಯವರೆಗೆ ಕಾಲೇಜುಗಳು ಸಾಲುಗಟ್ಟಿವೆ. ಎಂ.ಎಸ್. ರಾಮಯ್ಯ ತಾಂತ್ರಿಕ ಸಂಸ್ಥೆ 1962ರದು. ಹುಣಸಮಾರನಹಳ್ಳಿಯ ಸರ್ ಎಂವಿಐಟಿ 1986ರದು. ಹೆಬ್ಬಾಳದ ಆನಂದನಗರದಲ್ಲಿ ಏಟ್ರಿಯಾ, ಯಲಹಂಕದಲ್ಲಿ ನಿಟ್ಟೆ ಮೀನಾಕ್ಷಿ, ದೊಡ್ಡಬಳ್ಳಾಪುರ ರಸ್ತೆಯ ಅವಲಹಳ್ಳಿಯಲ್ಲಿ ಬಿಎಂಎಸ್ಐಟಿ, ಕಟ್ಟಿಗೇನಹಳ್ಳಿಯಲ್ಲಿ ರೇವಾ ವಿಶ್ವವಿದ್ಯಾಲಯ, ರಾಜಾನುಕುಂಟೆ ಕಡೆ ಸಾಯಿ ವಿದ್ಯಾ ಮತ್ತು ಪ್ರೆಸಿಡೆನ್ಸಿ. ಗೊಂದಲ ಯಾಕೆಂದರೆ ಹೆಸರುಗಳು ಒಂದಕ್ಕೊಂದು ಹೆಣೆದುಕೊಂಡಿವೆ. 'ರಾಮಯ್ಯ' ಅಂದರೆ ವಿಟಿಯು ಅಡಿಯ ಸ್ವಾಯತ್ತ ಎಂಜಿನಿಯರಿಂಗ್ ಕಾಲೇಜೋ, ರಾಮಯ್ಯ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯವೋ? 'ಬಿಎಂಎಸ್' ಅಂದರೆ ಬಸವನಗುಡಿಯ 1946ರ ಕಾಲೇಜೋ, ಯಲಹಂಕದ 2002ರ ಕಾಲೇಜೋ? ವಿಶ್ವೇಶ್ವರಯ್ಯನವರ ಹೆಸರಲ್ಲಂತೂ ಕೆ.ಆರ್. ವೃತ್ತದಲ್ಲೊಂದು ಸರ್ಕಾರಿ ಸಂಸ್ಥೆ (ಯುವಿಸಿಇ), ಏರ್‌ಪೋರ್ಟ್ ರಸ್ತೆ ಕಡೆ ಒಂದು ಖಾಸಗಿ ಕಾಲೇಜು, ಬೆಳಗಾವಿಯಲ್ಲೊಂದು ವಿಶ್ವವಿದ್ಯಾಲಯ (ವಿಟಿಯು). ಆಪ್ಷನ್ ಎಂಟ್ರಿ ಮಾಡುವಾಗ ಹೆಸರು ನೋಡಿ ಒತ್ತಬೇಡಿ, ಕಾಲೇಜಿನ ಕೋಡ್ ನೋಡಿ. ಕೆಲವು ಹಳೆಯ ಕಾಲೇಜುಗಳು ಅನುದಾನಿತ, ಅನುದಾನರಹಿತ ಎಂದು ಎರಡು ಕೋಡ್‌ಗಳಲ್ಲಿ ಕಾಣಿಸಿಕೊಳ್ಳುತ್ತವೆ. ಪಾಠ ಅದೇ, ಶುಲ್ಕ ಬೇರೆ. ಕಡಿಮೆ ಶುಲ್ಕದ್ದು ಮೇಲಿರಲಿ.

ಕಾಲೇಜು ಯಾರ ಅಡಿಯಲ್ಲಿದೆ ಎಂಬುದನ್ನೂ ಆ ವರ್ಷದ ಮಟ್ಟಿಗೆ ನೋಡಿಕೊಳ್ಳಬೇಕು. 2001ರಲ್ಲಿ ಶುರುವಾಗಿ ವಿಟಿಯು ಅಡಿಯಲ್ಲಿದ್ದ ನಿಟ್ಟೆ ಮೀನಾಕ್ಷಿ ಈಗ ನಿಟ್ಟೆ ಡೀಮ್ಡ್ ವಿಶ್ವವಿದ್ಯಾಲಯದ ಭಾಗ. ರೇವಾ, ಪ್ರೆಸಿಡೆನ್ಸಿ ಖಾಸಗಿ ವಿಶ್ವವಿದ್ಯಾಲಯಗಳು. ಇಂಥಲ್ಲಿ ಕೆಇಎಗೆ ಬಿಟ್ಟುಕೊಡುವ ಸೀಟುಗಳ ಪಾಲು ಬೇರೆ, ಶುಲ್ಕದ ಲೆಕ್ಕವೂ ಬೇರೆ. ಅಣ್ಣ ಸೇರಿದಾಗ ಇದ್ದ ವ್ಯವಸ್ಥೆ ತಂಗಿ ಸೇರುವಾಗ ಇರುತ್ತದೆ ಅಂದುಕೊಳ್ಳುವಂತಿಲ್ಲ.

ಹೆಬ್ಬಾಳದ ಯಾವ ಬದಿ?

ನನ್ನ ಅಭಿಪ್ರಾಯದಲ್ಲಿ ಮನೆಯವರು ಅತಿ ಕಡಿಮೆ ಯೋಚಿಸುವ ವಿಷಯ ಓಡಾಟ. ಮ್ಯಾಪ್‌ನಲ್ಲಿ ಕಿಲೋಮೀಟರ್ ನೋಡಿ ನಿರ್ಧರಿಸುತ್ತಾರೆ. ಈ ಭಾಗದಲ್ಲಿ ಕಿಲೋಮೀಟರಿಗಿಂತ ದಿಕ್ಕು ಮುಖ್ಯ. ಬೆಳಿಗ್ಗೆ ಎಂಟೂವರೆಗೆ ಹೆಬ್ಬಾಳದ ಮೇಲ್ಸೇತುವೆಯಲ್ಲಿ ಊರೊಳಗೆ ಬರುವ ಬದಿ ನಿಂತಿರುತ್ತದೆ, ಊರಾಚೆ ಹೋಗುವ ಬದಿ ಓಡುತ್ತಿರುತ್ತದೆ. ಆರ್.ಟಿ. ನಗರದ ಹುಡುಗಿಗೆ ಯಲಹಂಕದ ಕಾಲೇಜು ದೂರ ಅನ್ನಿಸಿದರೂ ಬೆಳಗಿನ ಹೊತ್ತು ಬಸ್ಸು ಎದುರು ದಿಕ್ಕಿನಲ್ಲಿ ಸರಾಗವಾಗಿ ಹೋಗುತ್ತದೆ. ಯಲಹಂಕ ನ್ಯೂ ಟೌನ್‌ನ ಹುಡುಗ ಮೈಸೂರು ರಸ್ತೆಗೋ ಬನಶಂಕರಿಗೋ ದಿನಾ ಹೋಗಿಬರುತ್ತೇನೆ ಅಂದರೆ ಮಾತ್ರ ಇಡೀ ಊರನ್ನು ದಿನಕ್ಕೆರಡು ಸಲ ಸೀಳಿಕೊಂಡು ಹೋಗಬೇಕು. ಮೊದಲ ಸೆಮಿಸ್ಟರ್ ಹುಮ್ಮಸ್ಸಿನಲ್ಲಿ ಕಳೆಯುತ್ತದೆ. ಮೂರನೆಯದರ ಹೊತ್ತಿಗೆ ಹಾಜರಾತಿ ಕಮ್ಮಿಯಾದವರ ಪಟ್ಟಿಯಲ್ಲಿ ಹೆಸರು ಬರುತ್ತದೆ, ಇಲ್ಲವೇ ಪಿ.ಜಿ. ಹುಡುಕುವ ಮಾತು ಶುರುವಾಗುತ್ತದೆ. ಪಿ.ಜಿ. ಬಾಡಿಗೆಯನ್ನು ಕಾಲೇಜು ಶುಲ್ಕದ ಪಕ್ಕದಲ್ಲೇ ಬರೆದು ಕೂಡಿ ನೋಡಿ, ಆಗ ಪಟ್ಟಿಯ ಕ್ರಮ ತಾನಾಗಿ ಸ್ವಲ್ಪ ಬದಲಾಗುತ್ತದೆ.

ಯಶವಂತಪುರದವರ ಲೆಕ್ಕ ಬೇರೆ. ಮನೆಬಾಗಿಲಲ್ಲಿ ಹಸಿರು ಮಾರ್ಗದ ಮೆಟ್ರೊ ಇದೆ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿದರೆ ಮುಂದಿನ ನಿಲ್ದಾಣವೇ ಸೆಂಟ್ರಲ್ ಕಾಲೇಜು. ಅಲ್ಲಿಂದ ಕೆ.ಆರ್. ವೃತ್ತದ ಯುವಿಸಿಇಗೆ ನಡೆದೇ ಹೋಗಬಹುದು. 1917ರಲ್ಲಿ ಶುರುವಾದ, ಈಗ ತನ್ನದೇ ಕಾಯ್ದೆಯಡಿ ಸ್ವಾಯತ್ತವಾಗಿರುವ ಈ ಸರ್ಕಾರಿ ಕಾಲೇಜಿನ ಶುಲ್ಕ ಖಾಸಗಿ ಕಾಲೇಜಿನ ಸಿಇಟಿ ಶುಲ್ಕಕ್ಕಿಂತ ಬಹಳ ಕಡಿಮೆ. ಪಕ್ಕದಲ್ಲೇ 1938ರ ಎಸ್‌ಕೆಎಸ್‌ಜೆಟಿಐ ಇದೆ, ಅದೂ ಸರ್ಕಾರಿಯೇ. 'ಕಟ್ಟಡ ಹಳೇದು' ಅಂತ ಇವನ್ನು ಕೆಳಗೆ ಹಾಕುವವರನ್ನು ಕಂಡರೆ ನನಗೆ ಆಶ್ಚರ್ಯ. ಹೊಳೆಯುವ ಗಾಜಿನ ಕಟ್ಟಡಕ್ಕೆ ಹಣ ಕೊಡುವವರು ಯಾರು ಅಂತ ಒಮ್ಮೆ ಕೇಳಿಕೊಳ್ಳಬಾರದೇ?

ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಬಿಎಂಟಿಸಿಯ ಸಾಮಾನ್ಯ ಬಸ್ಸು ಉಚಿತ. ಕಾಲೇಜು ಬಸ್ಸಿಗೆ ವರ್ಷಕ್ಕೆ ಹತ್ತಾರು ಸಾವಿರ ಕೇಳುತ್ತಾರೆ, ಹಾಗಾಗಿ ಕಾಲೇಜಿನ ಗೇಟಿನವರೆಗೆ ಸಾಮಾನ್ಯ ಬಸ್ಸು ಹೋಗುತ್ತದೋ, ಮುಖ್ಯರಸ್ತೆಯಿಂದ ಎಷ್ಟು ನಡೆಯಬೇಕು, ಸಂಜೆ ಆರರ ಮೇಲೆ ಆ ದಾರಿ ಹೇಗಿರುತ್ತದೆ ಎಂಬುದನ್ನು ಹೋಗಿಯೇ ನೋಡಿ. ರಾಜಾನುಕುಂಟೆ ಕಡೆಯ ಕಾಲೇಜುಗಳಿಗೆ ದೊಡ್ಡಬಳ್ಳಾಪುರ ಮಾರ್ಗದ ರೈಲೂ ಇದೆ. ಆದರೆ ರೈಲಿನ ಹೊತ್ತು ತರಗತಿಯ ಹೊತ್ತಿಗೆ ಹೊಂದಬೇಕಲ್ಲ, ವೇಳಾಪಟ್ಟಿ ನೋಡಿಕೊಂಡೇ ಲೆಕ್ಕ ಹಾಕಿ.

ಕಟ್‌ಆಫ್ ಓದುವ ಬಗೆ

ಕೆಇಎ ತನ್ನ ಜಾಲತಾಣದಲ್ಲಿ ಹಿಂದಿನ ವರ್ಷಗಳ ಕಟ್‌ಆಫ್ ಪಟ್ಟಿ ಹಾಕಿರುತ್ತದೆ. ಸುತ್ತುವಾರು, ಕಾಲೇಜುವಾರು, ಬ್ರಾಂಚ್‌ವಾರು. ಮೊದಲ ಸಲ ತೆರೆದವರಿಗೆ ಅದು ಇರುವೆ ಸಾಲಿನ ಹಾಗೆ ಕಾಣುತ್ತದೆ. ಮೇಲಿನ ಅಡ್ಡಸಾಲಿನಲ್ಲಿ ಜಿಎಂ, ಜಿಎಂಕೆ, ಜಿಎಂಆರ್, 2ಎಜಿ, 2ಎಕೆ, 2ಎಆರ್ ಎಂಬ ಸಂಕೇತಗಳಿರುತ್ತವೆ. ಜಿಎಂ ಎಂದರೆ ಸಾಮಾನ್ಯ ಅರ್ಹತೆ. ಕೊನೆಯ 'ಕೆ' ಕನ್ನಡ ಮಾಧ್ಯಮದ್ದು, 'ಆರ್' ಗ್ರಾಮೀಣದ್ದು, 'ಜಿ' ಆ ವರ್ಗದ ಸಾಮಾನ್ಯ ಕಾಲಂ. ಪ್ರತಿ ಚೌಕದಲ್ಲಿರುವುದು ಆ ಸೀಟು ಪಡೆದ ಕೊನೆಯ ರ‍್ಯಾಂಕ್.

ಒಂದನೇ ತರಗತಿಯಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇ 15 ಮೀಸಲು ಇದೆ. ಯಲಹಂಕದ ಸುತ್ತಮುತ್ತ ಇದನ್ನು ಕಡೆಗಣಿಸುವವರು ಬಹಳ. 'ನಾವು ಬೆಂಗಳೂರಿನವರು, ನಮಗೆಲ್ಲಿಯ ಗ್ರಾಮೀಣ' ಅಂದುಕೊಳ್ಳುತ್ತಾರೆ. ಇಲ್ಲಿ ನೋಡುವುದು ಈಗಿನ ಮನೆಯ ವಿಳಾಸವನ್ನಲ್ಲ, ಶಾಲೆ ಇದ್ದ ಜಾಗವನ್ನು. ಯಲಹಂಕ ಪಟ್ಟಣ 2007ರಲ್ಲೇ ಬಿಬಿಎಂಪಿಗೆ ಸೇರಿತು, ಅಲ್ಲಿನ ಶಾಲೆಯಲ್ಲಿ ಓದಿದವರಿಗೆ ಇದು ಸಲ್ಲದು. ಪಾಲಿಕೆಯ ಗಡಿಯಾಚೆಯ ಪಂಚಾಯಿತಿ ಊರುಗಳ ಶಾಲೆಗಳಲ್ಲಿ ಹತ್ತು ವರ್ಷ ಓದಿದವರು ಬಿಇಒ ಕಚೇರಿಯಲ್ಲಿ ವಿಚಾರಿಸಿ ವ್ಯಾಸಂಗ ಪ್ರಮಾಣಪತ್ರ ಮಾಡಿಸಿಕೊಳ್ಳಬೇಕು. ಕಲಬುರಗಿ, ಬೀದರ್, ರಾಯಚೂರು ಕಡೆಯಿಂದ ಬಂದು ಇಲ್ಲಿ ನೆಲೆಸಿದವರಿಗೆ ಸಂವಿಧಾನದ 371(ಜೆ) ವಿಧಿಯಡಿ ರಾಜ್ಯದ ಬೇರೆ ಭಾಗದ ಕಾಲೇಜುಗಳಲ್ಲೂ ಪಾಲಿದೆ. ಇದೆಲ್ಲವನ್ನೂ ಕೇಳಿಕೊಳ್ಳಬೇಕಾದದ್ದು ಜನವರಿ, ಫೆಬ್ರುವರಿಯಲ್ಲಿ ಸಿಇಟಿ ಅರ್ಜಿ ತುಂಬುವಾಗಲೇ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿ, ಅವುಗಳ ಮೇಲಿನ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ಸರಿಯಾಗಿ ತುಂಬಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಪ್ರಮಾಣಪತ್ರದಲ್ಲಿ ಮುಂದೆ ಎಂಬಷ್ಟಕ್ಕೇ ಪರಿಶೀಲನೆ ನಿಂತುಹೋಗಿ ತಾಲ್ಲೂಕು ಕಚೇರಿ ಅಲೆದವರಿದ್ದಾರೆ.

ಈಗ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಆರ್.ಟಿ. ನಗರದ ಹುಡುಗಿ, 2ಎ ವರ್ಗ, ಎಂಜಿನಿಯರಿಂಗ್ ರ‍್ಯಾಂಕ್ 22,000. ಇತ್ತೀಚಿನ ವರ್ಷಗಳಲ್ಲಿ ಎಂಜಿನಿಯರಿಂಗ್‌ಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿಗೆ ರ‍್ಯಾಂಕ್ ಕೊಡಲಾಗಿದೆ, ಆ ಲೆಕ್ಕದಲ್ಲಿ ಇದು ಒಳ್ಳೆಯ ರ‍್ಯಾಂಕೇ. ಜಿಎಂ ಮತ್ತು 2ಎಜಿ ಎರಡೂ ಕಾಲಂ ಅವಳಿಗೆ ಸಲ್ಲುತ್ತವೆ. ಮೀಸಲಾತಿ ಇದ್ದವರಿಗೆ ಜಿಎಂ ಬಾಗಿಲು ಮುಚ್ಚಿಲ್ಲ ಎಂಬುದು ಎಷ್ಟೋ ಮನೆಗಳಿಗೆ ಗೊತ್ತೇ ಇರುವುದಿಲ್ಲ. ಹಿಂದಿನ ವರ್ಷ 10,000ದ ಸುಮಾರಿಗೆ ಮುಚ್ಚಿದ ಸೀಟಿನಿಂದ ಹಿಡಿದು 45,000ದ ಸುಮಾರಿಗೆ ಮುಚ್ಚಿದ ಸೀಟಿನವರೆಗೆ ಅವಳು ಗುರುತು ಹಾಕಿಕೊಳ್ಳಲಿ. ಮೇಲಿನದಕ್ಕೆ ಅಷ್ಟು ದೂರ ಹೋಗುವುದು ಬರೆಯಲು ಖರ್ಚಿಲ್ಲ ಅಂತ. ಕೆಳಗಿನದಕ್ಕೆ ಅಷ್ಟು ದೂರ ಹೋಗುವುದು ಈ ವರ್ಷದ ಗಾಳಿ ಯಾವ ಕಡೆ ಬೀಸುತ್ತದೆ ಹೇಳಲಾಗದು ಅಂತ. ಐವತ್ತು ಅರುವತ್ತು ಸಾಲಾದರೂ ಬರಲಿ. ಹತ್ತೇ ಆಪ್ಷನ್ ಬರೆದು ಮೊದಲ ಸುತ್ತಿನಲ್ಲಿ ಏನೂ ಸಿಗದೆ ಕೂತವರ ಪಾಡು ಬೇಡ.

ಗಾಳಿ ಬದಲಾಗುತ್ತಿರುವುದಕ್ಕೆ ಒಂದು ಗಟ್ಟಿ ಕಾರಣವಿದೆ. 2024-25ರಿಂದ ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಎಐಸಿಟಿಇ ಒಂದು ಬ್ರಾಂಚಿಗೆ ಇಷ್ಟೇ ಸೀಟು ಎಂಬ ಮಿತಿಯನ್ನು ತೆಗೆಯಿತು. ಅಂದಿನಿಂದ ಕೆಲವು ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಹಾಗೂ ಅದರ ದಾಯಾದಿ ಬ್ರಾಂಚುಗಳು ಉಬ್ಬುತ್ತಾ ಹೋಗಿವೆ. ಇನ್ಫರ್ಮೇಷನ್ ಸೈನ್ಸ್, ಎಐ-ಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ, ಹೆಸರು ಹಲವು. ಪಠ್ಯಕ್ರಮ ಪಕ್ಕಪಕ್ಕ ಇಟ್ಟು ನೋಡಿದರೆ ಮೊದಲ ನಾಲ್ಕು ಸೆಮಿಸ್ಟರಿನಲ್ಲಿ ವ್ಯತ್ಯಾಸ ಸ್ವಲ್ಪವೇ. ಹಾಗಾಗಿ ಒಳ್ಳೆಯ ಕಾಲೇಜಿನ ಐಎಸ್, ಸಾಧಾರಣ ಕಾಲೇಜಿನ ಸಿಎಸ್, ಎರಡರಲ್ಲಿ ಯಾವುದು ಮೇಲೆ ಅಂತ ಕೇಳಿದರೆ ನಾನು ಕಣ್ಣುಮುಚ್ಚಿ ಐಎಸ್ ಅನ್ನುತ್ತೇನೆ. ಸಿವಿಲ್ಲೋ ಸಿಎಸ್ಸೋ ಎಂಬ ಪ್ರಶ್ನೆ ಹಾಗಲ್ಲ. ಅಲ್ಲಿ ಮಗುವಿನ ಒಲವೇ ದೊಡ್ಡದು, ಕಾಲೇಜಿನ ಹೆಸರಿಗೆ ಆಸೆಪಟ್ಟು ಬೇಡದ ಬ್ರಾಂಚಿಗೆ ತಳ್ಳಬಾರದು.

ಗೇಟಿನ ಹತ್ತಿರ ನಿಲ್ಲಿ

ಪಟ್ಟಿಯ ಮೊದಲ ಏಳೆಂಟು ಕಾಲೇಜುಗಳಿಗೆ ಒಂದೊಂದು ಸಲ ಹೋಗಿ. ಕಾಲೇಜಿನವರೇ ಕರೆದು ಕಾಫಿ ಕೊಟ್ಟು ಸಭಾಂಗಣ ತೋರಿಸುವ ದಿನ ಬೇಡ. ವಾರದ ನಡುವೆ, ತರಗತಿ ಬಿಡುವ ಮೂರೂವರೆ ನಾಲ್ಕರ ಹೊತ್ತಿಗೆ ಹೋಗಿ ಎದುರಿನ ಟೀ ಅಂಗಡಿಯಲ್ಲಿ ನಿಲ್ಲಿ. ಅಪ್ಪ ಅಮ್ಮ ಸ್ವಲ್ಪ ದೂರದಲ್ಲಿದ್ದರೆ ಒಳ್ಳೆಯದು, ಮಗ ಅಥವಾ ಮಗಳು ಹೋಗಿ "ಅಣ್ಣ, ನಾನು ಈ ವರ್ಷ ಸಿಇಟಿ, ಒಂದೆರಡು ವಿಷಯ ಕೇಳಬಹುದಾ?" ಅಂದರೆ ಇಲ್ಲ ಅನ್ನುವವರು ಕಡಿಮೆ.

'ಕಾಲೇಜು ಹೇಗಿದೆ' ಅಂತ ಕೇಳಿದರೆ 'ಚೆನ್ನಾಗಿದೆ' ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಎಣಿಸಿ ಹೇಳಬಹುದಾದದ್ದನ್ನು ಕೇಳಬೇಕು. ನಿಮ್ಮ ಬ್ರಾಂಚಿನಲ್ಲಿ ಎಷ್ಟು ಸೆಕ್ಷನ್? ಹೋದ ಸೆಮಿಸ್ಟರಿನಲ್ಲಿ ಎಷ್ಟು ಜನ ಲೆಕ್ಚರರ್ ಬಿಟ್ಟುಹೋದರು? ಲ್ಯಾಬ್‌ನಲ್ಲಿ ಒಂದು ಸಿಸ್ಟಂಗೆ ಎಷ್ಟು ಜನ? ಲೈಬ್ರರಿ ಸಂಜೆ ಎಷ್ಟು ಗಂಟೆವರೆಗೆ? ಫೈನಲ್ ಇಯರ್ ಕ್ಲಾಸಿನ ಅರುವತ್ತು ಜನರಲ್ಲಿ ಕೈಯಲ್ಲಿ ಆಫರ್ ಇರುವವರು ಎಷ್ಟು? ಒಬ್ಬರ ಉತ್ತರ ನಂಬಬೇಡಿ, ಬೇರೆ ಬೇರೆ ಗುಂಪಿನ ಮೂರು ಜನರನ್ನು ಕೇಳಿ. ಒಳಗೆ ಬಿಟ್ಟರೆ ವಿಭಾಗದ ನೋಟಿಸ್ ಬೋರ್ಡ್ ಮುಂದೆ ಎರಡು ನಿಮಿಷ ನಿಲ್ಲಿ. ಇಂಟರ್ನಲ್ಸ್ ವೇಳಾಪಟ್ಟಿ, ಹಾಜರಾತಿ ಕೊರತೆಯವರ ಪಟ್ಟಿ, ಪ್ರಾಜೆಕ್ಟ್ ಸುತ್ತೋಲೆ ಈ ವಾರದ್ದಿದ್ದರೆ ವಿಭಾಗ ಉಸಿರಾಡುತ್ತಿದೆ ಅಂತ ಲೆಕ್ಕ. ಎರಡು ವರ್ಷದ ಹಿಂದಿನ ಪ್ಲೇಸ್‌ಮೆಂಟ್ ಪೋಸ್ಟರ್ ಒಂದೇ ಬಿಸಿಲಿಗೆ ಬೆಳ್ಳಗಾಗಿ ನೇತಾಡುತ್ತಿದ್ದರೆ ಇನ್ನೊಮ್ಮೆ ಯೋಚಿಸಿ.

ಮನೆಯಲ್ಲೇ ಕೂತು ಮಾಡಬಹುದಾದ ಲೆಕ್ಕವೂ ಒಂದಿದೆ. ಇಪ್ಪತ್ತು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರಿರಬೇಕು ಎಂಬುದು ಎಐಸಿಟಿಇ ಅನುಪಾತ. ಒಂದು ಕಾಲೇಜು ಸಿಎಸ್‌ಗೆ ವರ್ಷಕ್ಕೆ 600 ಜನರನ್ನು ಸೇರಿಸಿಕೊಂಡರೆ ನಾಲ್ಕು ವರ್ಷಕ್ಕೆ 2,400 ಜನ, ಅಂದರೆ 120 ಬೋಧಕರು ಬೇಕು. ಕಾಲೇಜಿನ ಜಾಲತಾಣದಲ್ಲಿ ವಿಭಾಗದ ಬೋಧಕರ ಪುಟ ತೆರೆದು ಬೆರಳಲ್ಲಿ ಎಣಿಸಿ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರುವ 'ಅತಿ ಹೆಚ್ಚು ಪ್ಯಾಕೇಜ್' ಒಬ್ಬನದು. ಎನ್‌ಐಆರ್‌ಎಫ್‌ಗೆ ಸಲ್ಲಿಸಿದ ಮಾಹಿತಿಯಲ್ಲಿ ಎಷ್ಟು ಜನ ತೇರ್ಗಡೆಯಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಸಾಲಿನ ನಡುವಿನವನ ಸಂಬಳ ಎಷ್ಟು ಎಂಬುದಿರುತ್ತದೆ, ನೋಡಬೇಕಾದದ್ದು ಅದನ್ನು. ಎನ್‌ಬಿಎ ಮಾನ್ಯತೆ ಕಾಲೇಜಿಗಲ್ಲ, ಬ್ರಾಂಚಿಗೆ. ಕಾಲೇಜಿನ ಬೋರ್ಡ್ ಮೇಲೆ ಅದರ ಹೆಸರಿದ್ದ ಮಾತ್ರಕ್ಕೆ ನಿಮ್ಮ ಬ್ರಾಂಚಿಗೆ ಇದೆ ಅಂದುಕೊಳ್ಳಬೇಡಿ.

ಕಣ್ಣೆದುರೇ ಇದ್ದು ಕಾಣದವು

ಇಷ್ಟು ಹೊತ್ತು ಎಂಜಿನಿಯರಿಂಗ್ ಮಾತೇ ಆಯಿತು, ಈ ಭಾಗದ ಮನೆಗಳಲ್ಲೂ ಹಾಗೇ ಆಗುತ್ತದೆ. ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವಾಗ ಮೈಲುಗಟ್ಟಲೆ ಹಸಿರು ಕಾಣುವ ಜಿಕೆವಿಕೆಯನ್ನು ದಿನಾ ದಾಟುತ್ತೇವೆ, ನವೆಂಬರಿನಲ್ಲಿ ಕೃಷಿ ಮೇಳಕ್ಕೆ ಹೋಗಿ ಸಸಿ ತರುತ್ತೇವೆ. ಅಲ್ಲಿ ಮಗ ಓದಬಹುದು ಎಂಬುದು ಎಷ್ಟು ಮನೆಗಳಿಗೆ ಹೊಳೆಯುತ್ತದೆ? 1964ರಲ್ಲಿ ಸ್ಥಾಪನೆಯಾದ ಈ ಕೃಷಿ ವಿಶ್ವವಿದ್ಯಾಲಯದ ಬಿ.ಎಸ್ಸಿ ಆನರ್ಸ್ ಕೃಷಿಗೆ ಅದೇ ಸಿಇಟಿ, ಅದೇ ಆಪ್ಷನ್ ಪಟ್ಟಿ. ಹೆಬ್ಬಾಳದಲ್ಲೇ 1958ರ ಪಶುವೈದ್ಯಕೀಯ ಕಾಲೇಜಿದೆ. ಎಂಬಿಬಿಎಸ್ ಸೀಟಿನ ಹಿಂದೆ ಮೂರು ಮೂರು ವರ್ಷ ನೀಟ್ ಬರೆಯುವ ಮಕ್ಕಳಿಗೆ ಒಮ್ಮೆ ಆ ಆವರಣ ತೋರಿಸಿಕೊಂಡು ಬನ್ನಿ ಅನ್ನುತ್ತೇನೆ.

ಕೃಷಿಕ ಕುಟುಂಬದ ಮಕ್ಕಳಿಗೆ ಇಲ್ಲಿ ದೊಡ್ಡ ಪಾಲಿನ ಕೋಟಾ ಇದೆ. ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆ ಪಹಣಿ ಇನ್ನೂ ತಾತನ ಹೆಸರಲ್ಲೋ ಅಪ್ಪನ ಹೆಸರಲ್ಲೋ ಇರುವವರು ದಾಖಲೆಗಳನ್ನು ಸರಿಮಾಡಿಕೊಳ್ಳಿ. ಈ ಕೋಟಾದವರಿಗೆ ಬೀಜ, ಗೊಬ್ಬರ, ಉಪಕರಣ ಗುರುತಿಸುವ ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ರ‍್ಯಾಂಕಿನಲ್ಲಿ ಅದರ ತೂಕ ಹೆಚ್ಚು. ಹೊಲದ ಬದುವನ್ನೇ ನೋಡದ ಸಿಟಿ ಮಕ್ಕಳು ಪರೀಕ್ಷೆಗೆ ಒಂದು ತಿಂಗಳ ಮುಂಚೆ ತಾತನ ಊರಿಗೆ ಹೋಗಿ ರಾಗಿ, ಸಾಮೆ, ನವಣೆಯ ಕಾಳು ಬೇರೆ ಮಾಡುವುದನ್ನಾದರೂ ಕಲಿತು ಬರಲಿ.

ಯಶವಂತಪುರದ ಪಕ್ಕದ ಐಐಎಸ್ಸಿ ಅಂದರೆ ಪಿಎಚ್.ಡಿ ಮಾಡುವವರ ಜಾಗ ಎಂಬ ಭಾವನೆ ಇದೆ. 2011ರಿಂದ ಅಲ್ಲಿ ಪಿಯುಸಿ ಆದವರಿಗೆ ನಾಲ್ಕು ವರ್ಷದ ವಿಜ್ಞಾನ ಪದವಿ, 2022ರಿಂದ ಗಣಿತ ಮತ್ತು ಕಂಪ್ಯೂಟಿಂಗ್‌ನಲ್ಲಿ ಬಿ.ಟೆಕ್ ಇವೆ. ಸಿಇಟಿ ಅಲ್ಲಿ ನಡೆಯದು. ಬೇರೆ ಪ್ರವೇಶ ಪರೀಕ್ಷೆಯ ರ‍್ಯಾಂಕ್ ಬೇಕು, ಬಿ.ಟೆಕ್‌ಗಂತೂ ಜೆಇಇ ಅಡ್ವಾನ್ಸ್‌ಡ್. ಸೀಟು ಬೆರಳೆಣಿಕೆಯಷ್ಟೇ, ಆದರೂ ಅರ್ಜಿಯ ದಿನಾಂಕ ಗೊತ್ತಿಲ್ಲದೆ ತಪ್ಪಿಸಿಕೊಳ್ಳಬಾರದು. ಚಿತ್ರ, ವಿನ್ಯಾಸದ ಒಲವಿದ್ದವರಿಗೆ ಯಲಹಂಕ ನ್ಯೂ ಟೌನ್‌ನ ಸೃಷ್ಟಿ ವಿನ್ಯಾಸ ಸಂಸ್ಥೆ ಇದೆ. ಶುಲ್ಕ ಭಾರಿ, ವಿಚಾರಿಸಿಕೊಂಡು ಆಸೆ ಹುಟ್ಟಿಸಿ.

ಈ ಲೇಖನವನ್ನು ಹತ್ತನೇ ತರಗತಿಯ ಮಕ್ಕಳಿರುವ ಮನೆಯವರು ಓದುತ್ತಿದ್ದರೆ ಒಂದು ಮಾತು. ಪಿಯುಸಿಯಲ್ಲಿ ಜೀವಶಾಸ್ತ್ರ ಬಿಟ್ಟು ಪಿಸಿಎಂಸಿ ತೆಗೆದುಕೊಂಡ ದಿನವೇ ನೀಟ್, ಕೃಷಿ, ಪಶುವೈದ್ಯಕೀಯದ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ಮಗು ಇನ್ನೂ ಗಟ್ಟಿ ಮನಸ್ಸು ಮಾಡಿಲ್ಲವಾದರೆ ಪಿಸಿಎಂಬಿ ಇರಲಿ, ಅದರಿಂದ ಎಂಜಿನಿಯರಿಂಗ್‌ಗೂ ಹೋಗಬಹುದು. ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಎಂಬುದನ್ನೂ ನೆನಪಿಡಿ. ಬೋರ್ಡ್ ಪರೀಕ್ಷೆಯನ್ನು ಉಡಾಫೆ ಮಾಡಿ ಕೋಚಿಂಗ್ ಒಂದನ್ನೇ ನೆಚ್ಚಿದವರಿಗೆ ಪೆಟ್ಟು ಬೀಳುವುದು ಇಲ್ಲೇ.

ಹಣ, ಪಾಸ್‌ವರ್ಡ್, ಸುತ್ತುಗಳು

ಸಾಮಾನ್ಯವಾಗಿ ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ನೂರು ಸೀಟಿನಲ್ಲಿ 45 ಕೆಇಎ ಮೂಲಕ, 30 ಖಾಸಗಿ ಕಾಲೇಜುಗಳ ಕೂಟದ ಪ್ರವೇಶ ಪರೀಕ್ಷೆ ಕಾಮೆಡ್‌ಕೆ ಮೂಲಕ, 25 ಆಡಳಿತ ಮಂಡಳಿಯ ಕೈಯಲ್ಲಿ. ಸಿಇಟಿ ಸೀಟಿಗೆ ವರ್ಷಕ್ಕೆ ಲಕ್ಷದ ಆಸುಪಾಸು, ಕಾಮೆಡ್‌ಕೆ ಸೀಟಿಗೆ ಅದರ ಎರಡು ಪಟ್ಟಿನ ಆಸುಪಾಸು ಅಂತ ಅಂದಾಜು ಇಟ್ಟುಕೊಳ್ಳಿ. ಆ ವರ್ಷದ ಸರ್ಕಾರಿ ಆದೇಶ ನೋಡಿ ಸರಿಮಾಡಿಕೊಳ್ಳಿ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಸೀಟುಗಳಿವೆ. ಮಂಜೂರಾದ ಸೀಟಿನ ಮೇಲೆ ಶೇ 5, ಬೋಧನಾ ಶುಲ್ಕದಿಂದ ವಿನಾಯಿತಿ. ಪಟ್ಟಿ ಮಾಡುವಾಗ ಒಂದು ಕಾಲಂನಲ್ಲಿ ನಾಲ್ಕು ವರ್ಷದ ಒಟ್ಟು ಖರ್ಚನ್ನು ಬರೆಯಿರಿ, ಮೊದಲ ವರ್ಷದ್ದನ್ನಲ್ಲ. ಮನೆಯವರು ಆ ಮೊತ್ತವನ್ನು ಮಕ್ಕಳೆದುರು ಬಾಯಿಬಿಟ್ಟು ಹೇಳುವುದು ಒಳ್ಳೆಯದು. ಹದಿನೇಳು ವರ್ಷದವರಿಗೆ ಮನೆಯ ಲೆಕ್ಕ ಅರ್ಥವಾಗುತ್ತದೆ, ಮುಚ್ಚಿಟ್ಟರೆ ಮಾತ್ರ ಅನುಮಾನ.

ಆಪ್ಷನ್ ಎಂಟ್ರಿಯನ್ನು ಸೈಬರ್ ಸೆಂಟರಿನವರ ಕೈಗೆ ಒಪ್ಪಿಸಬೇಡಿ, ಪಾಸ್‌ವರ್ಡ್ ಬರೆದ ಚೀಟಿಯನ್ನು ಅಲ್ಲಿ ಬಿಟ್ಟು ಬರಲೇಬೇಡಿ. 2024ರ ನವೆಂಬರಿನಲ್ಲಿ ಕೆಇಎ ಮಲ್ಲೇಶ್ವರ ಠಾಣೆಗೆ ಸೀಟ್ ಬ್ಲಾಕಿಂಗ್ ದೂರು ಕೊಟ್ಟಾಗ ಹೊರಬಿದ್ದದ್ದು ಇದೇ: ಸೀಟು ಬೇಡದ ಅಭ್ಯರ್ಥಿಗಳ ಲಾಗಿನ್ ಬಳಸಿ, ಬೇಡಿಕೆಯ ಬ್ರಾಂಚುಗಳಿಗೆ ಆಪ್ಷನ್ ಹಾಕಿ, ಕೊನೆಗೆ ಯಾರೂ ಸೇರದೆ ಸೀಟು ಖಾಲಿ ಉಳಿಯುವಂತೆ ಮಾಡುವ ದಂಧೆ. 'ನಿಮ್ಮ ರ‍್ಯಾಂಕಿಗೆ ಆ ಕಾಲೇಜಲ್ಲಿ ಮಾಡಿಸಿಕೊಡ್ತೀವಿ' ಎಂದು ಫೋನ್ ಮಾಡುವವರ ಜೊತೆ ಎರಡನೇ ಮಾತು ಬೇಡ.

ಮೊದಲು ಅಣಕು ಹಂಚಿಕೆ ಬರುತ್ತದೆ. ಅದರಲ್ಲಿ ಸಿಕ್ಕ ಸೀಟು ನಿಮ್ಮದಲ್ಲ, ಪಟ್ಟಿ ಸರಿಯಿದೆಯೇ ಎಂದು ನೋಡಿಕೊಳ್ಳಲು ಕೊಡುವ ಅವಕಾಶ ಅಷ್ಟೇ. ಅಲ್ಲಿ ಬಂದ ಕಾಲೇಜು ಕಂಡು ಮನೆಯಲ್ಲಿ ಯಾರಾದರೂ ಮುಖ ಸಿಂಡರಿಸಿದರೆ, ಆ ಸಾಲು ಅಲ್ಲಿರಬಾರದಿತ್ತು ಅಂತ ತಿಳಿದು ಅಂದೇ ತಿದ್ದಿ. ಆಮೇಲಿನ ನಿಜವಾದ ಸುತ್ತಿನಲ್ಲಿ ನಾಲ್ಕು ಚಾಯ್ಸ್. ಒಂದನೆಯದು, ಒಪ್ಪಿ ಸೇರುವುದು. ಎರಡನೆಯದು, ಇದನ್ನು ಕೈಯಲ್ಲಿಟ್ಟುಕೊಂಡು ಮೇಲಿನದಕ್ಕೆ ಕಾಯುವುದು. ಮೂರನೆಯದು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು, ಪೂರ್ತಿ ಹೊರಬರುವುದು. ಎರಡನೆಯದನ್ನು ಒತ್ತಿದವರು ಎಷ್ಟು ಹಣ ಕಟ್ಟಬೇಕು ಎಂಬ ನಿಯಮ ಬದಲಾಗುತ್ತಿರುತ್ತದೆ, ಆ ವರ್ಷದ ಸೂಚನೆ ಓದಿಯೇ ಒತ್ತಿ. ಮೂರನೆಯದಕ್ಕೆ ಗುಂಡಿಗೆ ಬೇಕು; ಬಿಟ್ಟ ಸೀಟು ತಿರುಗಿ ಬರುವ ಖಾತ್ರಿಯಿಲ್ಲ.

ಇದೆಲ್ಲ ಮುಗಿಯುವಾಗ ಆಗಸ್ಟ್ ದಾಟಿರುತ್ತದೆ. ಪದವಿ ಕಾಲೇಜುಗಳ ಪ್ರವೇಶ ಮಾತ್ರ ಪಿಯುಸಿ ಫಲಿತಾಂಶದ ಬೆನ್ನಿಗೇ ಶುರುವಾಗಿ ಮುಗಿದೂ ಹೋಗಿರುತ್ತದೆ. ಹಾಗಾಗಿ ಸಿಇಟಿ ನೆಚ್ಚಿಕೊಂಡವರೂ ಕಡಿಮೆ ಶುಲ್ಕದ ಒಂದು ಪದವಿ ಸೀಟು ಹಿಡಿದಿಟ್ಟುಕೊಳ್ಳುವುದು ಜಾಣತನ. ಯಲಹಂಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇದೆ, ವಿಜ್ಞಾನ ಬೇಕೆಂದರೆ ಹಳೆಯ ಸರ್ಕಾರಿ ವಿಜ್ಞಾನ ಕಾಲೇಜು ಈಗ ನೃಪತುಂಗ ವಿಶ್ವವಿದ್ಯಾಲಯವಾಗಿದೆ. 2024-25ರಿಂದ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಸೇರುವಾಗ ಮೂಲ ಅಂಕಪಟ್ಟಿ, ಟಿ.ಸಿ. ನಮ್ಮಲ್ಲೇ ಇರಲಿ ಅಂತ ಕಾಲೇಜಿನವರು ಕೇಳಿದರೆ, ಮೂಲ ಪ್ರಮಾಣಪತ್ರ ಇಟ್ಟುಕೊಳ್ಳುವಂತಿಲ್ಲ ಎಂಬ 2018ರ ಯುಜಿಸಿ ಸುತ್ತೋಲೆಯ ಪ್ರತಿ ತೋರಿಸಿ. ಟಿ.ಸಿ. ಕೊಡಲೇಬೇಕಾಗಿ ಬಂದರೆ ಅದಕ್ಕೊಂದು ಸ್ವೀಕೃತಿ ಬರೆಸಿಕೊಳ್ಳಿ, ಮುಂದೆ ಸೀಟು ಸಿಕ್ಕಾಗ ಎಷ್ಟು ದಿನದಲ್ಲಿ ವಾಪಸ್ ಕೊಡುತ್ತಾರೆ ಎಂಬುದನ್ನು ಆಫೀಸಿನಲ್ಲಿ ಅಂದೇ ಕೇಳಿಟ್ಟುಕೊಳ್ಳಿ. ಎಂಜಿನಿಯರಿಂಗ್ ಕಾಲೇಜಿಗೆ ವರದಿ ಮಾಡಿಕೊಳ್ಳಲು ಕೆಇಎ ಕೊಡುವ ಗಡುವು ಕೆಲವೇ ದಿನಗಳದ್ದು, ನಡುವೆ ಒಂದು ಭಾನುವಾರ ಬಂದರೆ ಇನ್ನೂ ಕಡಿಮೆ.